ಹಿತ್ತಲಿನ ಸಬ್ಬಸಿಗೆ ಪಾತಿ

ಸಬ್ಬಸಿಗೆ ಸೊಪ್ಪಿನ ವಿಷಯದಲ್ಲಿ ಜನ ಎರಡೇ ಜಾತಿ. ವಾಸನೆ ಬಂದರೆ ಸಾಕು, ಇನ್ನೊಂದು ರೊಟ್ಟಿ ಹಾಕು ಅನ್ನುವವರು ಒಂದು. ಮೂಗು ಮುಚ್ಚಿಕೊಂಡು ತಟ್ಟೆ ಪಕ್ಕಕ್ಕೆ ತಳ್ಳುವವರು ಇನ್ನೊಂದು. ನಾನು ಈ ಎರಡರಲ್ಲಿ ಯಾವುದಕ್ಕೂ ಸೇರಿದವಳಲ್ಲ. ಹೊಸೂರಿನ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಲೈನಿನಲ್ಲಿ ನಿಲ್ಲುವ ಹೆಂಗಸರು ಮಧ್ಯಾಹ್ನ ಊಟಕ್ಕೆ ಕೂತಾಗ, ಯಾರ ಡಬ್ಬಿಯಲ್ಲಾದರೂ ಸಬ್ಬಸಿಗೆ ಇದ್ದರೆ ಮುಚ್ಚಳ ಬಿಚ್ಚುವ ಮೊದಲೇ ನನಗೆ ಗೊತ್ತಾಗುತ್ತದೆ. ಕೈ ತೊಳೆಯುವ ನೆಪ ಮಾಡಿಕೊಂಡು ಎದ್ದು ಹೋಗುತ್ತೇನೆ. ದೂರದ ಜಿಲ್ಲೆಗಳಿಂದ ಬಂದ ತಮಿಳು ಹುಡುಗಿಯರಿಗೆ ಈ ಸೊಪ್ಪೇ ಗೊತ್ತಿರಲಿಲ್ಲ. ಹೊಸೂರಿನ ತಮಿಳರು ಮಾತ್ರ ನಮ್ಮ ಹೆಸರನ್ನೇ ಇಟ್ಟುಕೊಂಡು, ಕೊನೆಗೆ ಸೊಪ್ಪು ಅನ್ನುವ ತಮ್ಮ ಮಾತೊಂದು ಸೇರಿಸಿ ಸಬ್ಸಿಗೆ ಕೀರೆ ಅನ್ನುತ್ತಾರೆ.

ಮೊನ್ನೆ ಲೈನಿನಲ್ಲಿ ಬಸುರಿ ಹುಡುಗಿಯೊಬ್ಬಳು ಕೇಳಿದಳು, “ಅಕ್ಕಾ, ಸಬ್ಸಿಗೆ ತಿಂದ್ರೆ ಹಾಲು ಚೆಂದಾಗಿ ಬರ್ತದಂತೆ, ಹೌದಾ?”

“ಬರ್ತದೆ” ಅಂದೆ. “ಬೇಕಾದ್ದಕ್ಕಿಂತ ಜಾಸ್ತಿನೇ ಬರ್ತದೆ.”

ಅವಳು ನಕ್ಕಳು. ನಾನು ತಮಾಷೆ ಮಾಡಿದೆ ಅಂದುಕೊಂಡಿರಬೇಕು.

ನನ್ನ ತವರು ಕೆಲಮಂಗಲದಿಂದ ಒಂದಿಷ್ಟು ಒಳಗೆ. ರಾಗಿ, ಅವರೆ, ಸ್ವಲ್ಪ ಟೊಮೊಟೊ, ಸ್ವಲ್ಪ ಹೂವು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಮನೆಯ ಹಿಂದೆ ಬಚ್ಚಲು, ಬಚ್ಚಲಿನ ನೀರು ಹರಿದು ಹೋಗುವ ಕಡೆ ಅವ್ವನ ಸಬ್ಬಸಿಗೆ ಪಾತಿ. ಹೊಲದಲ್ಲಿ ಏನು ಬೆಳೆದರೂ ಅದು ಮಾರುಕಟ್ಟೆಯದು, ಈ ಪಾತಿ ಮಾತ್ರ ಅವ್ವನದು. ಬೀಜವನ್ನು ಬೂದಿಯಲ್ಲಿ ಕಲಸಿ, ಕೋಳಿಗೆ ಕಾಳು ಎರಚಿದ ಹಾಗೆ ಎರಚುತ್ತಿದ್ದಳು. ಒಂದು ಮೂಲೆ ಕೊಯ್ಲಿಗೆ ಬರುವಷ್ಟರಲ್ಲಿ ಇನ್ನೊಂದು ಮೂಲೆಗೆ ಬಿತ್ತನೆ. ಪಾತಿ ಬರಿದಾಗಿ ಕಂಡ ನೆನಪು ನನಗಿಲ್ಲ.

ಆ ಸೊಪ್ಪು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಆಗುತ್ತಿತ್ತು. ಅವರೆಕಾಳು ಸಾರಿಗೆ ಒಂದು ಹಿಡಿ, ರಾಗಿರೊಟ್ಟಿ ಹಿಟ್ಟಿಗೆ ಒಂದು ಹಿಡಿ. ಹೊಟ್ಟೆ ಉಬ್ಬರಿಸಿದರೆ ಬೀಜ ಅಗಿಯುವುದು. ಕುರು ಎದ್ದರೆ ಸೊಪ್ಪನ್ನು ಹರಳೆಣ್ಣೆಯಲ್ಲಿ ಬಾಡಿಸಿ ಬಿಸಿಬಿಸಿ ಕಟ್ಟುವುದು. ನನ್ನ ತಮ್ಮನಿಗೆ ಕುರು ಎದ್ದಾಗ ಅವ್ವ ಹಾಗೆ ಕಟ್ಟಿದ್ದಳು, ಅದೂ ಕೂರುವ ಜಾಗದಲ್ಲಿ. ಸ್ಕೂಲಿನಲ್ಲಿ ಇಡೀ ಕ್ಲಾಸು ಇವತ್ತು ಯಾರ ಮನೆಯಲ್ಲಿ ಸಬ್ಬಸಿಗೆ ಉಪ್ಪೆಸರು ಅಂತ ಮೂಸಿ ನೋಡಿತ್ತು. ಅವನಿಗೆ ಈಗಲೂ ಆ ಮಾತು ಎತ್ತಿದರೆ ಕೋಪ ಬರುತ್ತದೆ.

ಆದರೆ ಅವ್ವನ ಪಾತಿಗೆ ಊರಲ್ಲಿ ಮರ್ಯಾದೆ ಇದ್ದದ್ದು ಬಾಣಂತಿಯರಿಂದ. ಯಾರ ಮನೆಯಲ್ಲಿ ಹೆರಿಗೆಯಾದರೂ ಅವ್ವ ಸೆರಗಿನ ತುಂಬ ಸೊಪ್ಪು ಕೊಯ್ದು ಕಳಿಸುತ್ತಿದ್ದಳು. ಬೆಳ್ಳುಳ್ಳಿ, ಮೆಣಸು, ಜೀರಿಗೆ ಹಾಕಿ ತುಪ್ಪದಲ್ಲಿ ಬಾಡಿಸಿ ಬಿಸಿ ಅನ್ನಕ್ಕೆ ಕಲಸಿಕೊಟ್ಟರೆ ಎದೆಗೆ ಹಾಲು ಇಳಿಯುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ಬದುವಿನ ಜಗಳದಲ್ಲಿ ನಮ್ಮ ಜೊತೆ ಮಾತು ಬಿಟ್ಟ ಮನೆಯೊಂದಿತ್ತು. ಅವರ ಸೊಸೆ ಹೆತ್ತಾಗಲೂ ಅವ್ವ ತಮ್ಮನ ಕೈಯಲ್ಲಿ ಸೊಪ್ಪು ಕಳಿಸಿದಳು. ಅವರು ಈಸಿಕೊಂಡರು. ಮಾತು ಮಾತ್ರ ಆಮೇಲೂ ಆಡಲಿಲ್ಲ, ನಾವೂ ಆಡಿಸಲಿಲ್ಲ.

ಸಬ್ಬಸಿಗೆಗೆ ಎದುರಾಳಿ ಮಲ್ಲಿಗೆ. ಮಗುವಿಗೆ ಹಾಲು ಬಿಡಿಸುವಾಗ ತಾಯಿಯ ಎದೆಗೆ ಬಿಡಿ ಮಲ್ಲಿಗೆ ಹೂವಿಟ್ಟು ಬಟ್ಟೆಯಲ್ಲಿ ಬಿಗಿದು ಕಟ್ಟುತ್ತಾರೆ, ಹಾಲು ಬತ್ತುತ್ತದೆ. ಮಗು ಉಳಿಯದ ಮನೆಯಲ್ಲೂ ಹಾಗೇ ಕಟ್ಟುತ್ತಾರೆ. ಅದಕ್ಕೇ ನಮ್ಮ ಕಡೆ ಬಾಣಂತಿ ಇರುವ ಮನೆಗೆ ಯಾರೂ ಮಲ್ಲಿಗೆ ಹೂವು ತೆಗೆದುಕೊಂಡು ಹೋಗುವುದಿಲ್ಲ.

ನನ್ನ ಮೊದಲ ಬಸುರಿನಲ್ಲಿ ಹೆರಿಗೆಗೆಂದು ತವರಿಗೆ ಬಂದಿದ್ದೆ. ಇನ್ನೂ ದಿನ ತುಂಬಿರಲಿಲ್ಲ, ನೋವು ಬಂತು. ಕೆಲಮಂಗಲಕ್ಕೆ ಕರೆದುಕೊಂಡು ಹೋದರು, ಅಲ್ಲಿಂದ ಕೃಷ್ಣಗಿರಿಗೆ ಕಳಿಸಿದರು. ಆಪರೇಷನ್ ಮಾಡಿ ತೆಗೆದರು. ಹೆಣ್ಣುಮಗು. ತುಂಬ ಚಿಕ್ಕದು ಅಂತ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಂದು ಸಲ ಕರೆದುಕೊಂಡು ಹೋಗಿ ತೋರಿಸಿದರು. ಪೆಟ್ಟಿಗೆಯ ತೂತಿನಲ್ಲಿ ಕೈ ಹಾಕಿ ಅಂಗಾಲು ಮುಟ್ಟಿದೆ. ಕಾಲು ಒಳಕ್ಕೆ ಎಳೆದುಕೊಂಡಳು. ಕಚಗುಳಿ ಆಯ್ತೇನೋ ಅಂದುಕೊಂಡು ನನಗೆ ನಗು ಬಂತು. ಅಷ್ಟೇ. ಎತ್ತಿಕೊಳ್ಳಲಿಲ್ಲ, ಎದೆಗೆ ಹಾಕಿಕೊಳ್ಳಲಿಲ್ಲ.

ಆಸ್ಪತ್ರೆಯವರನ್ನು ನಾನು ಯಾವತ್ತೂ ದೂರುವುದಿಲ್ಲ. ಅವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಮಗುವಿನ ಜೊತೆ ತಾಯಂದಿರು ಉಳಿದುಕೊಳ್ಳಲು ಒಂದು ಹಾಲ್ ಇತ್ತು, ನಾನೂ ಅಲ್ಲೇ ಇರಬಹುದಿತ್ತು. ಆದರೆ ಹೊಲಿಗೆಯಿಂದ ಜ್ವರ ಬಂದಿತ್ತು, ಮಗುವಿನ ಹತ್ತಿರ ಬಿಡಲಿಲ್ಲ. ಜ್ವರ ಇಳಿದ ಮೇಲೆ ಅವ್ವ ಹಟ ಹಿಡಿದಳು. ತಣ್ಣನೆಯ ನೆಲ, ತಲೆ ಮೇಲೆ ಫ್ಯಾನು, ಹಸಿಬಾಣಂತಿ ಇಲ್ಲಿ ಮಲಗಿದರೆ ಜೀವಮಾನವೆಲ್ಲ ಸೊಂಟ ಹಿಡಿದುಕೊಂಡಿರುತ್ತಾಳೆ ಅಂತ. ನನ್ನನ್ನು ಮನೆಗೆ ಕರೆತಂದಳು. ಮಗು ಅಲ್ಲೇ ಉಳಿಯಿತು, ಅದರ ಅಪ್ಪ ಆಸ್ಪತ್ರೆ ವರಾಂಡದಲ್ಲಿ ಉಳಿದ. ಅವನು ನನ್ನ ಸೋದರಮಾವನ ಮಗ, ಚಿಕ್ಕಂದಿನಿಂದ ಬಾವ ಎಂದೇ ಕರೆದು ಅಭ್ಯಾಸ.

ದಿನಾ ಹಾಲು ತಂದುಕೊಟ್ಟರೆ ಒಳ್ಳೆಯದು ಎಂದು ನರ್ಸಮ್ಮ ಹೇಳಿದ್ದರು. ಚಿಕ್ಕದೊಂದು ಸ್ಟೀಲ್ ಡಬ್ಬಿಗೆ ಬಿಳಿ ಪ್ಲಾಸ್ಟರ್ ಅಂಟಿಸಿ ನನ್ನ ಹೆಸರು, ಮಗುವಿನ ನಂಬರು ಬರೆದುಕೊಟ್ಟಿದ್ದರು. ಬೆಳಿಗ್ಗೆ ನಾನು ಆ ಡಬ್ಬಿಗೆ ಹಾಲು ಹಿಂಡಿ ಅವ್ವನ ಕೈಗೆ ಕೊಡುತ್ತಿದ್ದೆ. ಅವ್ವ ಅಡುಗೆಮನೆಗೆ ಹೋಗಿ ಅದನ್ನು ಐಸ್ ತುಂಬಿದ ಅಗಲ ಬಾಯಿಯ ಫ್ಲಾಸ್ಕಿಗೆ ಇಳಿಸಿ, ಬ್ಯಾಗಿಗೆ ಹಾಕಿ ತಮ್ಮನ ಕೈಗೆ ಕೊಡುತ್ತಿದ್ದಳು. ಅವನು ಬೈಕು ಕೆಲಮಂಗಲದಲ್ಲಿ ಬಿಟ್ಟು, ರಾಯಕೋಟೆ ಮೇಲೆ ಬಸ್ಸಿನಲ್ಲಿ ಕೃಷ್ಣಗಿರಿಗೆ ಹೋಗಿ ಸಾಯಂಕಾಲ ಬರುತ್ತಿದ್ದ. ಹೊಸೂರಿನಲ್ಲಿ ನನ್ನ, ಬಾವನ ಹಾಗೆ ಅವನದೂ ಫ್ಯಾಕ್ಟರಿ ಕೆಲಸ, ರಜಾ ಹಾಕಿದ್ದ.

ಮಧ್ಯಾಹ್ನ ಸಬ್ಬಸಿಗೆ, ರಾತ್ರಿ ಸಬ್ಬಸಿಗೆ. ಮೊದಲೆರಡು ಹೊತ್ತು ಆಸೆಯಿಂದ ತಿಂದೆ, ಆಮೇಲೆ ಗಂಟಲಿಗೆ ಬಂದಿತು. ಕೂದಲಿಗೂ ಅದೇ ವಾಸನೆ, ಬೆವರಿಗೂ ಅದೇ ವಾಸನೆ. ಮುಖ ಕಿವಿಚಿದರೆ ಅವ್ವ ಎದುರಿಗೆ ಕೂತು, ತುತ್ತು ಕಟ್ಟಿ ಕೊಡುತ್ತಿದ್ದಳು.

“ಉಣ್ಣು ಮಗ. ನೀನು ಉಂಡ್ರೆ ಅವ್ಳು ಉಂಡಂಗೆ.”

ಆ ಮಾತಿಗೆ ನಾನು ಉಣ್ಣುತ್ತಿದ್ದೆ. ನಿಜ ಹೇಳಬೇಕೆಂದರೆ, ಹೆಮ್ಮೆಯೂ ಇತ್ತು. ಡಬ್ಬಿ ತುಂಬಿ ಮೇಲೆ ಉಳಿಯುವಷ್ಟು ಹಾಲು. ಮಗಳು ಇದರಲ್ಲಿ ಒಂದೆರಡು ಚಮಚವಷ್ಟೇ ಕುಡಿಯುತ್ತಾಳೆ ಎಂದು ತಮ್ಮ ಹೇಳಿದಾಗ, ಇರಲಿ, ಮುಂದಕ್ಕೆ ಕುಡಿಯುತ್ತಾಳೆ ಬಿಡು ಅಂದಿದ್ದೆ.

ಒಂದು ದಿನ ಅವ್ವ ನನ್ನ ಫೋನು ಕಿತ್ತುಕೊಂಡಳು. “ಬಾಣಂತಿ ಫೋನ್ ನೋಡ್ಬಾರ್ದು, ಕಣ್ಣು ಸೇದ್ಕೊಂಡು ಹೋಯ್ತವೆ” ಅಂದಳು. ಅಲ್ಲಿಯವರೆಗೆ ಬಾವ ದಿನಾ ಒಂದು ಫೋಟೊ ಕಳಿಸುತ್ತಿದ್ದ, ಗಾಜಿನ ಮೇಲೆ ಟ್ಯೂಬ್‌ಲೈಟು ಹೊಳೆಯುವ ಫೋಟೊ, ಒಳಗೆ ಒಂದು ಮುಷ್ಟಿಯೋ ಒಂದು ಕಿವಿಯೋ ಕಾಣುತ್ತಿತ್ತು. ಫೋಟೊ ಇಲ್ಲದೆ ಹೇಗಿರಲಿ ಎಂದು ಜಗಳವಾಡಿದೆ. ಅವ್ವನ ಡಬ್ಬಾ ಫೋನಿನಲ್ಲಿ ಬಾವನ ಜೊತೆ ಮಾತಾಡಿಸಿದಳು.

“ಹೆಂಗವ್ಳೆ ಬಾವ?”

“ಚೆನ್ನಾಗವ್ಳೆ. ಮಲ್ಗವ್ಳೆ.”

ಅವನ ಹಿಂದೆ ಸೈರನ್ ಕೇಳಿಸಿತು. ಶಿಫ್ಟ್ ಬದಲಾಗುವ ಸೈರನ್ ನನಗೆ ಗೊತ್ತಿಲ್ಲದೆ ಏನು, ಅದಕ್ಕೆ ಓಡಿ ಓಡಿಯೇ ನಾನು ವಯಸ್ಸು ಕಳೆದಿದ್ದೇನೆ. ಎಲ್ಲಿದ್ದೀಯ ಎಂದು ಕೇಳಿದೆ. ಆಸ್ಪತ್ರೆ ಹತ್ತಿರವೇ ಇದ್ದೀನಿ ಅಂದ. ಕೃಷ್ಣಗಿರಿಯಲ್ಲೂ ಫ್ಯಾಕ್ಟರಿ ಇರಬಹುದಲ್ಲ ಎಂದುಕೊಂಡು ಸುಮ್ಮನಾದೆ.

ಇನ್ನೊಂದು ಬದಲಾವಣೆಯೂ ಆಗಿತ್ತು, ಅದು ಹೊಳೆದದ್ದು ಆಮೇಲೆ. ಅವ್ವ ಈಗ ತುತ್ತು ಕಟ್ಟುವಾಗ “ಉಣ್ಣು ಮಗ” ಎಂದಷ್ಟೇ ಹೇಳುತ್ತಿದ್ದಳು. ಮುಂದಿನ ಮಾತು ಬಿಟ್ಟುಹೋಗಿತ್ತು.

ಹೊಲಿಗೆ ಒಣಗುವ ತನಕ ಮೈಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸುವುದಷ್ಟೇ ನಡೆದಿತ್ತು. ಒಣಗಿತು ಎನಿಸಿದ ಮೇಲೆ ಅವ್ವ ಹಂಡೆ ತುಂಬ ನೀರು ಕಾಯಿಸಿ, ನನ್ನ ಕಿವಿಗೆ ಬಟ್ಟೆ ಸುತ್ತಿ, ಹಿತ್ತಲಿನ ಬಚ್ಚಲಿಗೆ ಕರೆದುಕೊಂಡು ಹೋದಳು. ಮನೆಗೆ ಬಂದ ಮೇಲೆ ನಾನು ಬಿಸಿಲು ಕಂಡದ್ದು ಅವತ್ತೇ. ಕಲ್ಲಿನ ಮೇಲೆ ಕೂರಿಸಿದವಳು, ಸೀಗೆಪುಡಿ ಮರೆತೆ ಎಂದು ಒಳಗೆ ಹೋದಳು.

ನಾನು ಪಾತಿಯ ಕಡೆ ನೋಡಿದೆ. ದಿನಾ ಕೊಯ್ದರೂ ಸೊಪ್ಪು ಸೊಂಪಾಗಿಯೇ ಇತ್ತು. ಪಾತಿಯ ಅಂಚಿನಲ್ಲಿ ಇರುವೆ ಸಾಲು. ಸಬ್ಬಸಿಗೆ ಗಿಡದ ಬುಡಕ್ಕೆ ಇರುವೆ ಯಾಕೆ ಬರುತ್ತದೆ ಎಂದು ಬಗ್ಗಿದೆ. ಆ ಸೊಪ್ಪಿನ ಎಲೆ ಕೂದಲಿನಷ್ಟು ಸಣ್ಣ. ಅದರ ಎಳೆಗಳಿಗೆ ಬಿಳಿ ಹನಿಗಳು ಅಂಟಿ ಒಣಗಿದ್ದವು. ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ ಮೇಲೆ ಮುಚ್ಚಿದ ಗುರುತಿತ್ತು, ಅವತ್ತು ಅವಸರದಲ್ಲಿ ಒಂದು ಕಡೆ ಮುಚ್ಚಿರಲಿಲ್ಲ.

ಎದೆಹಾಲನ್ನು ಎಲ್ಲೆಂದರಲ್ಲಿ ಚೆಲ್ಲಬಾರದು. ಯಾರೂ ತುಳಿಯದ ಕಡೆ, ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಬೇಕು, ಇರುವೆ ಮುಟ್ಟಿದರೆ ತಾಯಿಗೆ ಹಾಲು ಬತ್ತುತ್ತದೆ. ಇದನ್ನು ನನಗೆ ಅವ್ವನೇ ಹೇಳಿಕೊಟ್ಟಿದ್ದಳು. ಹೆಚ್ಚಾಗಿ ಉಳಿದದ್ದನ್ನು ಹಾಕಿದ್ದಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತಲೇ ತಲೆ ಎತ್ತಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸ್ಟೀಲ್ ಡಬ್ಬಿ ತೊಳೆದು ಬೋರಲು ಹಾಕಿತ್ತು. ಬಿಳಿ ಪ್ಲಾಸ್ಟರ್, ನನ್ನ ಹೆಸರು, ಮಗುವಿನ ನಂಬರು. ತಮ್ಮ ಬೆಳಿಗ್ಗೆಯೇ ಫ್ಲಾಸ್ಕಿನ ಬ್ಯಾಗು ತಗಲಿಸಿಕೊಂಡು ಹೋಗಿದ್ದ. ಅಂಥ ಡಬ್ಬಿ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ.

ಅವ್ವ ಬಂದು ನೀರು ಹಾಕಿದಳು. ಬೆನ್ನು ಉರಿಯುವಷ್ಟು ಬಿಸಿ.

“ಸುಡ್ತದಾ ಮಗ?”

“ಇಲ್ಲ” ಅಂದೆ.

ಸಾಯಂಕಾಲ ತಮ್ಮ ಬಂದ. ಬಾಗಿಲಲ್ಲೇ ನಿಂತು, “ಸಿಸ್ಟರು ಹಾಲು ಈಸ್ಕೊಂಡ್ರು ಕಣಕ್ಕ” ಅಂದ. ಕೈಕಾಲು ಆಡಿಸುತ್ತಾಳಾ ಎಂದು ಕೇಳಿದೆ. ಹೂಂ ಅಂದ. ದಪ್ಪ ಆಗಿದ್ದಾಳಾ ಎಂದು ಕೇಳಿದೆ. ಸ್ವಲ್ಪ ಅಂದ. ನನಗೆ ಅವನ ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಕೇಳುತ್ತಾ ಹೋದರೆ ಅವನು ಹಲ್ಲು ಬಂದಿದೆ ಎಂದೂ ಹೇಳುತ್ತಿದ್ದನೇನೋ. ಮುಖ ಗೋಡೆಗೆ ತಿರುಗಿಸಿ ಮಲಗಿದೆ.

ಆದರೆ ನಾನು ಬಾಯಿ ಬಿಡಲಿಲ್ಲ. ಅವ್ವ ಬಡಿಸಿದ್ದನ್ನು ಉಂಡೆ. ಮಾರನೆಯ ಬೆಳಿಗ್ಗೆ ಮತ್ತೆ ಡಬ್ಬಿಗೆ ಹಾಲು ಹಿಂಡಿ ಕೊಟ್ಟೆ. ಯಾಕೆಂದರೆ ಕೇಳಿದರೆ ಉತ್ತರ ಬರುತ್ತದೆ. ಕೇಳದೆ ಇದ್ದರೆ ಮಗಳು ಗಾಜಿನ ಪೆಟ್ಟಿಗೆಯಲ್ಲಿ ಕಾಲು ಮಡಚಿಕೊಂಡು ಮಲಗಿರುತ್ತಾಳೆ. ಡಬ್ಬಿ ಎರಡಿರಬಹುದು. ಆಸ್ಪತ್ರೆಯವರು ಅವತ್ತು ಬೇಡ ಎಂದಿರಬಹುದು. ಅವ್ವ ಸೊಪ್ಪು ಕೊಯ್ದು ತರುತ್ತಿದ್ದಾಳೆ ಎಂದರೆ ಹಾಲು ಬೇಕು, ಹಾಲು ಬೇಕು ಎಂದರೆ ಮಗು ಇದೆ. ಆ ಸೊಪ್ಪಿನ ವಾಸನೆ ಅಡುಗೆಮನೆಯಿಂದ ಬಂದಾಗೆಲ್ಲ, ಇದೆ, ಇನ್ನೂ ಇದೆ ಎಂದು ಲೆಕ್ಕ ಹಾಕುತ್ತಿದ್ದೆ. ಅಸಹ್ಯ ಹುಟ್ಟಿದ್ದ ಸೊಪ್ಪನ್ನು ಕೇಳಿ ಹಾಕಿಸಿಕೊಂಡು ತಿಂದೆ. ಅವ್ವ ಒಂದು ಸಲ ಕೈ ತಡೆದು ನನ್ನ ಮುಖ ನೋಡಿದಳು, ಮತ್ತೆ ಬಡಿಸಿದಳು.

ಹೀಗೆ ಎಷ್ಟು ಕಾಲ ನಡೆಯುತ್ತಿತ್ತೋ. ಪಕ್ಕದ ಬೀದಿಯ ಹೆಂಗಸೊಬ್ಬಳು ಸೊಪ್ಪು ಕೇಳಿಕೊಂಡು ಬಂದಳು.

ಅವಳ ಸೊಸೆಗೆ ಹೆರಿಗೆಯಾಗಿತ್ತು. ಅಂಗಳದಲ್ಲಿ ನಿಂತು ಆಡಿದ ಮಾತು ನಾನು ಮಲಗಿದ್ದ ಕೋಣೆಗೆ ಕೇಳಿಸುತ್ತಿತ್ತು.

“ಅಕ್ಕೋ, ಒಂದಿಡಿ ಸಬ್ಸಿಗೆ ಸೊಪ್ಪಿದ್ರೆ ಕೊಡಕ್ಕ. ಹುಡ್ಗಿ ಎದೇಲಿ ಹಾಲೇ ಇಳೀತಿಲ್ಲ, ಮಗಾ ಒಂದೇ ಸಮ ಅಳ್ತದೆ.”

ಅವ್ವ ಹೇಳಿದಳು, “ಈ ಸಲ ಏಳ್ಲೇ ಇಲ್ಲ ಕಣಮ್ಮಿ. ಗೆದ್ಲು ಹತ್ತಿ ಪಾತಿಯೆಲ್ಲ ಹೋಗ್ಬುಡ್ತು.”

ನಾನು ಎದ್ದು ಕೂತೆ. ಒಂದು ಗಂಟೆಯ ಹಿಂದೆ ಅವ್ವ ಹಿತ್ತಲಿನಿಂದ ಮೊರದ ತುಂಬ ಸೊಪ್ಪು ತಂದದ್ದನ್ನು ನಾನೇ ನೋಡಿದ್ದೆ. ಮಾತು ಬಿಟ್ಟವರ ಮನೆಗೂ ಕಳಿಸಿದ ಕೈ ಅದು. ಹಸಿಗೂಸಿಗೆ ಹಾಲಿಲ್ಲ ಎಂದು ಬಂದವಳನ್ನು ಅವ್ವ ಸುಮ್ಮಸುಮ್ಮನೆ ಬರಿಗೈಲಿ ಕಳಿಸುವವಳಲ್ಲ. ಕುಡಿಯುವ ಮಗು ಇಲ್ಲದ ಹಾಲು ಬಿದ್ದ ಆ ಪಾತಿಯ ಸೊಪ್ಪನ್ನು ಬದುಕಿರುವ ಮಗುವಿನ ತಾಯಿಗೆ ಕೊಡಬಾರದು, ಅದಕ್ಕೇ ಕೊಡಲಿಲ್ಲ. ಅದನ್ನು ತಿನ್ನಬಹುದಾದವಳು ಊರಲ್ಲಿ ನಾನೊಬ್ಬಳೇ.

ಅಂಗಳದ ಹೆಂಗಸು “ಆಗ್ಲಿ ಬುಡಕ್ಕ” ಎಂದು ಹೋದಳು. ಮಗಳು ಹೇಗಿದ್ದಾಳೆ, ಮೊಮ್ಮಗು ಹೇಗಿದೆ ಎಂದು ಅವಳು ಕೇಳಲೇ ಇಲ್ಲ. ಬಾಣಂತಿ ಇರುವ ಮನೆಯ ಅಂಗಳದಲ್ಲಿ ನಿಂತು ಮಗುವಿನ ಸುದ್ದಿ ಕೇಳದೆ ಹೋಗುವ ಹೆಂಗಸು ನಮ್ಮೂರಲ್ಲಿ ಇಲ್ಲ. ಊರಿಗೆಲ್ಲ ಗೊತ್ತಿತ್ತು.

ಮಧ್ಯಾಹ್ನ ಅವ್ವ ತಟ್ಟೆ ತಂದು ಮುಂದೆ ಇಟ್ಟಳು. ಬಿಸಿ ಅನ್ನ, ಪಕ್ಕದಲ್ಲಿ ಸಬ್ಬಸಿಗೆ ಪಲ್ಯ, ಮೇಲೆ ತುಪ್ಪ. ನಾನು ಕೈ ಹಾಕಲಿಲ್ಲ.

“ಉಣ್ಣು ಮಗ.”

“ಅವ್ವ, ಮಲ್ಲಿಗೆ ಹೂವ ತರ್ಸು” ಅಂದೆ.

ಅವ್ವ ಕಿರುಚಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡು ಕೂತಳು.

“ಯಾವಾಗ ಗೊತ್ತಾಯ್ತು?”

“ನೀರು ಹಾಕ್ದಾಗ.”

“ಆವತ್ತಿಂದ ಉಣ್ತಾನೇ ಇದ್ಯಲ್ಲೇ.”

“ನೀನು ಇಕ್ತಾನೇ ಇದ್ದೆ, ನಾನು ಉಣ್ತಾನೇ ಇದ್ದೆ.”

ಆಮೇಲೆ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ಮಗಳು ಸತ್ತದ್ದು ಬೀದಿಯ ನಾಯಿಗೂ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ. ದನದ ಕರು ಸತ್ತಾಗ ಹುಲ್ಲು ತುಂಬಿದ ಚರ್ಮ ಮುಂದೆ ನಿಲ್ಲಿಸಿ ಹಾಲು ಕರೆಯುತ್ತಾರಲ್ಲ, ನನಗೂ ಹಾಗೇ ಮಾಡಿದಿರಿ ಅಂದೆ. ಅವ್ವ ಅಷ್ಟನ್ನೂ ಕೇಳಿಸಿಕೊಂಡಳು. ಆ ಮಾತು ಅವಳಿಗೆ ತಾಗಲಿ ಎಂದೇ ಆಡಿದ್ದೆ, ತಾಗಿತು. ತಟ್ಟೆಯ ಅನ್ನದ ಮೇಲೆ ಅವಳ ಕಣ್ಣೀರು ಬೀಳುತ್ತಿತ್ತು.

ಅವಳು ಹೇಳಿದ್ದು ಇಷ್ಟು. ಅವಳ ಬೆನ್ನಿಗೆ ಬಿದ್ದ ತಂಗಿಯೊಬ್ಬಳು ಹಸಿಬಾಣಂತಿಯಾಗಿದ್ದಾಗ ಸಾವಿನ ಸುದ್ದಿ ಕೇಳಿ ಸನ್ನಿ ಹಿಡಿದು, ಮತ್ತೆ ಮನುಷ್ಯಳಾಗಲಿಲ್ಲ. ಆ ಚಿಕ್ಕಮ್ಮನನ್ನು ನಾನೂ ನೋಡಿದ್ದೆ, ಹಟ್ಟಿಯ ಕಂಬ ಹಿಡಿದು ನಗುತ್ತ ಕೂತಿರುತ್ತಿದ್ದಳು. ಅದಕ್ಕೆ ನನ್ನ ಮೈ ಗಟ್ಟಿಯಾಗುವ ತನಕ ಹೇಳಬಾರದು ಎಂದು ಅವ್ವ, ಬಾವ, ತಮ್ಮ ಮೂವರೂ ಮಾತಾಡಿಕೊಂಡಿದ್ದರು. ಹಾಲು ಹಿಂಡಬೇಡ ಎಂದರೆ ಯಾಕೆ ಎಂದು ಕೇಳುತ್ತೀಯ, ಹಿಂಡದಿದ್ದರೆ ಎದೆ ಕಟ್ಟಿಕೊಂಡು ಜ್ವರ ಬರುತ್ತದೆ. ಸೊಪ್ಪು ನಿಲ್ಲಿಸಿದರೆ ತಟ್ಟೆ ನೋಡಿದ ಕೂಡಲೇ ಗೊತ್ತಾಗುತ್ತದೆ ಅಂದಳು.

“ಅಷ್ಟೇನಾ?” ಅಂದೆ.

“ಅಷ್ಟೇ ಅಲ್ಲ” ಅಂದಳು. “ನಂಗೂ ನಿಲ್ಸಕ್ಕೆ ಕೈ ಬರ್ಲಿಲ್ಲ ಮಗ. ಕೊಯ್ಯೋ ಹೊತ್ಗೆ ಅದು ಐತೆ ಅನ್ನಿಸ್ತಿತ್ತು.”

ಆಗ ನನ್ನ ಕೋಪ ಎಲ್ಲಿಗೆ ಹೋಯಿತೋ. ನಾನು ವಾಸನೆ ಹಿಡಿದು ಹಾಕುತ್ತಿದ್ದ ಲೆಕ್ಕವನ್ನೇ ಅವಳು ಹಿತ್ತಲಿನಲ್ಲಿ ಬಗ್ಗಿ ಹಾಕುತ್ತಿದ್ದಳು. ಇಬ್ಬರೂ ಅತ್ತೆವು. ಊರಿಗೆ ಕೇಳಿಸುವ ಹಾಗೆ ಅತ್ತೆವು, ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಸಾಯಂಕಾಲ ತಮ್ಮ ಬಂದಾಗ ನನ್ನ ಮುಖ ನೋಡಿಯೇ ಬ್ಯಾಗು ಕೆಳಗೆ ಇಟ್ಟ. ದಿನಾ ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳಿದೆ. “ಕೆಲಮಂಗಲ ಬಸ್‌ಸ್ಟ್ಯಾಂಡ್ನಾಗೆ ಕೂತಿರ್ತಿದ್ದೆ ಕಣಕ್ಕ. ಬೇಗ ಬಂದ್ರೆ ನೀನು ಕೇಳ್ತೀಯ ಅಂತ” ಅಂದ. ಖಾಲಿ ಫ್ಲಾಸ್ಕು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸುಗಳನ್ನು ನೋಡುತ್ತ ಕೂತಿರುತ್ತಿದ್ದನಂತೆ.

“ಎಲ್ಲಿ ಮಣ್ಣು ಮಾಡಿದ್ರಿ?”

ಅವನು ಅವ್ವನ ಮುಖ ನೋಡಿದ. ಅವ್ವ, “ಅದೊಂದ ಕೇಳ್ಬ್ಯಾಡ ಮಗ, ತಾಯಿಗೆ ಜಾಗ ಹೇಳ್ಬಾರ್ದು” ಅಂದಳು. ಅದು ನಮ್ಮಲ್ಲಿ ಇರುವ ಕಟ್ಟು. ಕೂಸನ್ನು ಗಂಡಸರೇ ಒಯ್ದು ಮಣ್ಣು ಮಾಡಿ ಬರುತ್ತಾರೆ. ಮೇಲೆ ಗುರುತು ಇಡುವುದಿಲ್ಲ. ಜಾಗ ಗೊತ್ತಾದರೆ ತಾಯಿ ಅಲ್ಲಿಗೇ ಹೋಗಿ ಹೋಗಿ ಕೂರುತ್ತಾಳೆ, ಮುಂದಿನ ಮಗು ನಿಲ್ಲುವುದಿಲ್ಲ ಎನ್ನುತ್ತಾರೆ. ಯಾರು ಸತ್ತರೂ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಕೂಸು ಸತ್ತರೆ ಹೆತ್ತವಳಿಗೆ ಆ ಒಂದು ಹಿಡಿಯೂ ಇಲ್ಲ. ಬಾವನನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಇವತ್ತಿಗೂ ಹೇಳಿಲ್ಲ.

ಮಲ್ಲಿಗೆ ತಂದವನು ಬಾವನೇ. ತಮ್ಮ ಫೋನ್ ಮಾಡಿದ್ದಕ್ಕೆ ಮಾರನೆಯ ದಿನ ಹೊಸೂರಿನಿಂದ ಬಂದ. ಮದುವೆಯಾದ ಹೊಸದರಲ್ಲಿ ಶಿಫ್ಟ್ ಮುಗಿಸಿ ಬರುವಾಗ ಎಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ ತರುತ್ತಿದ್ದ. ಇವತ್ತು ಎಲೆಯಲ್ಲಿ ಬಿಡಿ ಹೂವು. ಹೊಸ್ತಿಲು ದಾಟಲಿಲ್ಲ. ಹೂವಿನ ಪೊಟ್ಟಣವನ್ನು ಅವ್ವನ ಕೈಗೆ ಕೊಟ್ಟು ಜಗುಲಿಯ ಮೇಲೆ ತಲೆ ಹಿಡಿದುಕೊಂಡು ಕೂತ. ಬಯ್ಯಬೇಕು ಎಂದುಕೊಂಡಿದ್ದೆ. ಮಗುವನ್ನು ಕೈಯಲ್ಲಿ ಎತ್ತಿಕೊಂಡದ್ದು ಅವನೊಬ್ಬನೇ, ಅದೂ ಕೊನೆಯ ಸಲ. ಬಯ್ಯಲು ಆಗಲಿಲ್ಲ.

ಅವ್ವ ತಮ್ಮನ ಕೈಯಲ್ಲಿ ಕೆಲಮಂಗಲದಿಂದ ಎರಡು ಕಂತೆ ಸಬ್ಬಸಿಗೆ ತರಿಸಿ ಪಕ್ಕದ ಬೀದಿಯ ಮನೆಗೆ ಕಳಿಸಿದಳು. ಆಮೇಲೆ ಕೋಣೆಯ ಬಾಗಿಲು ಹಾಕಿ ಹಳೆಯ ಸೀರೆ ಹರಿದು, ನನ್ನ ಎದೆಗೆ ಹೂವಿಟ್ಟು ಬಿಗಿದು ಕಟ್ಟಿದಳು. ತಣ್ಣಗೆ ಇತ್ತು. ಸ್ವಲ್ಪ ಹೊತ್ತಿಗೆ ನನ್ನ ಮೈಯ ಬಿಸಿಗೆ ಹೂವು ಬಾಡಿ, ಮಲ್ಲಿಗೆಯ ವಾಸನೆ ಹುಳಿ ಹಾಲಿನ ವಾಸನೆಯ ಜೊತೆ ಬೆರೆತು ತಲೆ ಸುತ್ತುವ ಹಾಗಾಯಿತು. ಹಾಲು ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಎದೆ ಕಲ್ಲಾಯಿತು, ಕಂಕುಳ ತನಕ ನೋವು. ಪಕ್ಕದ ಬೀದಿಯಲ್ಲಿ ಕೂಸು ಅತ್ತರೆ ಸಾಕು, ಬಟ್ಟೆ ಒದ್ದೆಯಾಗುತ್ತಿತ್ತು.

ಒಂದು ಬೆಳಿಗ್ಗೆ ತಡೆಯಲಾರದೆ ಎದ್ದೆ. ಯಾರನ್ನೂ ಕೇಳದೆ ಹಿತ್ತಲಿನ ಬಾಗಿಲು ತೆರೆದು ಬಿಸಿಲಿಗೆ ಹೋದೆ. ಅವ್ವ, ಗಾಳಿ ಕಣೇ ಎನ್ನುತ್ತ ಕಿವಿಗೆ ಸುತ್ತಲು ಬಟ್ಟೆ ಹಿಡಿದು ಹಿಂದೆಯೇ ಬಂದಳು. ಪಾತಿಯ ಸೊಪ್ಪನ್ನು ಆಮೇಲೆ ಯಾರೂ ಕೊಯ್ದಿರಲಿಲ್ಲ, ಹಳದಿ ಹೂವು ಬರಲು ಶುರುವಾಗಿತ್ತು. ನಾನು ಅಂಚಿನಲ್ಲಿ ಕೂತು ಎದೆಯ ಕಟ್ಟು ಬಿಚ್ಚಿದೆ. ಕಂದು ತಿರುಗಿದ ಮಲ್ಲಿಗೆ ಮಡಿಲಿಗೆ ಉದುರಿತು. ಗಿಡದ ಬುಡಕ್ಕೆ ಹಾಲು ಹಿಂಡಿದೆ. ಡಬ್ಬಿ ಇಲ್ಲ, ಫ್ಲಾಸ್ಕು ಇಲ್ಲ, ಯಾರ ಮುಂದೆಯೂ ಯಾವ ನಾಟಕವೂ ಇಲ್ಲ. ನೋವಿಗೆ ಹಲ್ಲು ಕಚ್ಚಿಕೊಂಡು, ಹನಿ ನಿಲ್ಲುವ ತನಕ ಹಿಂಡಿದೆ. ಹೆಸರಿಡದ ಮಗಳು, ಏನೆಂದು ಕರೆಯಲಿ. ಕಾಲು ಒಳಕ್ಕೆ ಎಳೆದುಕೊಂಡದ್ದನ್ನು ನೆನೆದುಕೊಂಡೆ.

ಹಾಲು ಮಣ್ಣಿನಲ್ಲಿ ಇಂಗಿತು. ಇರುವೆ ಬರುವ ಮೊದಲು ಮುಚ್ಚಬೇಕು ಎಂದು ಅವ್ವ ಅಭ್ಯಾಸದ ಹಾಗೆ ಬಗ್ಗಿ ಕೈ ಚಾಚಿದಳು. ನಾನು ಅವಳ ಕೈ ಹಿಡಿದುಕೊಂಡೆ.

“ಬುಡವ್ವ. ಈ ಮಣ್ಣು ನಾನೇ ಹಾಕ್ತೀನಿ.”